ಸಂತರ ಪಾಲು

ಬಾಗಿಲ ಹಿಂದಿನ ಮೂಲೆ ಒದ್ದೆಯಾಗಿತ್ತು. ಮಂಜುಗಡ್ಡೆಯ ಪಾತ್ರೆಯನ್ನು ಸೊಂಟಕ್ಕೆ ಆನಿಸಿಕೊಂಡು ಒಳಗೆ ಬಂದ ಸೋಯ್ಲಾ ಅಲ್ಲೇ ನಿಂತುಬಿಟ್ಟಳು.

ಸುಮ್ಮಸುಮ್ಮನೆ ಒದ್ದೆಯಾಗುವ ಮೂಲೆಯಲ್ಲ ಅದು. ಹೊಸ ರಮ್ ಬಾಟಲಿಯ ಮುಚ್ಚಳ ತೆಗೆದರೆ ಮೊದಲ ಗುಟುಕು ಮನೆ ಕಾಯುವ ಸಂತರದು. ಅದನ್ನು ಮೂಲೆಗೆ ಸುರಿದ ಮೇಲೆಯೇ ಮನುಷ್ಯರ ಲೋಟಕ್ಕೆ. ಮತಾನ್ಸಾಸ್ ಊರಿನಲ್ಲಿ ಎಂಥ ಕುಡುಕನೂ ಇದನ್ನು ತಪ್ಪಿಸುವುದಿಲ್ಲ. ಅವಳ ಗಂಡ ಎವೇಲಿಯೊ ಅಂತೂ ಹೋಟೆಲಿನ ಬಾರಿನಲ್ಲಿ ಅರ್ಧ ಆಯುಸ್ಸು ಸವೆಸಿದವನು. ನೆಟ್ಟಗೆ ನಿಲ್ಲಲಾರದಷ್ಟು ಏರಿದ್ದಾಗಲೂ ಸಂತರ ಪಾಲನ್ನು ಮಾತ್ರ ಒಂದು ತೊಟ್ಟೂ ಆಚೆ ಈಚೆ ಆಗದಂತೆ ಅದೇ ಮೂಲೆಗೆ ಹಾಕುತ್ತಿದ್ದ, ಪುಣ್ಯಾತ್ಮ.

ಕಳೆದ ಕಾರ್ನಿವಲ್ ಹಬ್ಬದಲ್ಲಿ ಕುಡಿದು, ಮೊಮ್ಮಗಳನ್ನು ಎತ್ತಿಕೊಂಡೇ ಮೆಟ್ಟಿಲಿಂದ ಉರುಳಿದ್ದ. ಮಗುವಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಸೋಯ್ಲಾ ಅವತ್ತೇ ಹೇಳಿಬಿಟ್ಟಿದ್ದಳು: "ಈ ಮನೇಲಿ ಇನ್ನೊಂದು ಬಾಟ್ಲಿ ತೆಗೆದ್ರೆ ನಾನು ಕಾರ್ದೆನಾಸ್‌ಗೆ, ತಂಗಿ ಮನೆಗೆ. ತಿರುಗಿ ಕೂಡ ನೋಡಲ್ಲ." ಅಂದಿನಿಂದ ಅವನು ಮುಟ್ಟಿರಲಿಲ್ಲ. ಸಂಜೆಯಾದರೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಚಡಪಡಿಸುವುದನ್ನು ಅವಳು ಕಂಡಿದ್ದಳು. ಇವತ್ತು ಅವಳ ಹುಟ್ಟುಹಬ್ಬ. ನಮ್ಮ ಬೀದಿಯಲ್ಲಿ ಕರೆಂಟಿಲ್ಲ, ಇರುವ ಮನೆ ಹುಡುಕಿ ಐಸ್ ತಾ, ನಿನಗೆ ತಂಪಾಗಿ ಏನಾದರೂ ಮಾಡಿಕೊಡುತ್ತೇನೆ ಎಂದು ಅವನೇ ಅವಳನ್ನು ಹೊರಗೆ ಅಟ್ಟಿದ್ದ. ಈಗ ಗೊತ್ತಾಯಿತು, ಐಸ್ ಬರೀ ನೆಪ. ಚೆನ್ನಾಗಿ ಕಿವಿ ಮೇಲೆ ಹೂ ಇಟ್ಟನಲ್ಲ ಎಂದುಕೊಂಡಳು.

ಅಡುಗೆಮನೆಯಿಂದ ಪುದೀನದ ವಾಸನೆ ಗಮ್ಮೆಂದು ಬರುತ್ತಿತ್ತು. ಲೋಕಕ್ಕೆಲ್ಲ ಅದು ಹಿತವಾದ ವಾಸನೆ. ಆದರೆ ಬಾರಿನಿಂದ ಮನೆಗೆ ಬರುವಾಗ ಬಾಯಿಯ ನಾತ ಮುಚ್ಚಲು ಹಿಡಿ ಪುದೀನ ಜಗಿದು ಬರುವ ಗಂಡನ ಪಕ್ಕ ಮಲಗಿದವಳಿಗೆ ಆ ವಾಸನೆ ಬಂದರೆ ಹಿಂದೆಯೇ ರಮ್ ಇದೆ ಎಂದೇ ಲೆಕ್ಕ.

"ಬಂದ್ಯಾ, ಚಿನ್ನ? ಬೇಗ ತಾರೇ, ಕರಗಿಹೋಗುತ್ತೆ!"

ಎವೇಲಿಯೊ ಮೇಜಿಗೆ ಬಾಗಿ, ನಾಲಿಗೆಯ ತುದಿ ಹೊರಗಿಟ್ಟುಕೊಂಡು, ಲೋಟದಲ್ಲಿ ಸಕ್ಕರೆ, ನಿಂಬೆರಸದ ಮೇಲೆ ಹಾಕಿದ ಪುದೀನವನ್ನು ಮರದ ಚಮಚದಿಂದ ಒತ್ತುತ್ತಿದ್ದ. ಅವಳು ಪಾತ್ರೆಯನ್ನು ಕುಕ್ಕಿ, ಅಕ್ಕಿ ಡಬ್ಬಿಯೊಳಗೆ ಕೈ ಹಾಕಿದಳು. ಒಲೆಯ ಹಿಂದೆ ಇಣುಕಿದಳು.

"ಎಲ್ಲಿಟ್ಟಿದ್ದೀಯ?"

"ಏನನ್ನ?"

"ಬಾಟ್ಲಿ!"

"ಸೋಡಾನಾ? ಮೂಗಿನ ಕೆಳಗೇ ಇದೆಯಲ್ಲೇ. ಕನ್ನಡಕ ಹಾಕ್ಕೋ." ಅವನು ತಲೆ ಎತ್ತಲಿಲ್ಲ. "ಇಲ್ನೋಡು, ಇದನ್ನ ನಿನ್ನ ಥರ ಬಟ್ಟೆ ಒಗೆದ ಹಾಗೆ ಜಜ್ಜಬಾರದು, ಎಲೆ ಕಹಿ ಆಗುತ್ತೆ. ಮೆತ್ತಗೆ ಒತ್ತಿದ್ರೆ ತಾನಾಗೇ ಘಮ ಬಿಡುತ್ತೆ. ಹೆಂಡ್ತೀನ ಮಾತಾಡಿಸಿದ ಹಾಗೆ."

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಈಗ ಸೀದಾ ಕೋಣೆಗೆ ಹೋಗಿ ಮಂಚದ ಕೆಳಗಿನ ಪೆಟ್ಟಿಗೆ ಎಳೆದು, ಕೈಗೆ ಸಿಕ್ಕ ಬಟ್ಟೆ ತುರುಕತೊಡಗಿದಳು. ಕಣ್ಣು ಮಂಜಾಗಿ, ಅವನ ಅಂಗಿಯನ್ನೂ ತುರುಕಿದಳು. ಸೋಡಾ ತುಂಬಿ, ಐಸ್ ತೇಲುತ್ತಿದ್ದ ಲೋಟ ಹಿಡಿದು ಹಾಡು ಗುನುಗುತ್ತ ಬಂದ ಎವೇಲಿಯೊ ಬಾಗಿಲಲ್ಲೇ ನಿಂತ.

"ಇದೇನೇ? ಹುಟ್ಟುಹಬ್ಬಕ್ಕೆ ಊರು ಬಿಡೋದಾ? ಅದೂ ನನ್ನ ಅಂಗಿ ತಗೊಂಡು?"

"ನಾನು ಮೂಲೆ ನೋಡ್ದೆ, ಎವೇಲಿಯೊ."

ಅವನ ಮುಖದ ನಗು ಇಳಿಯಿತು. ಅವನಿಗೆ ನೋವಾಗಿತ್ತು, ಆದರೆ ಕೋಪ ಮಾಡಿಕೊಳ್ಳುವ ಹಕ್ಕು ತನಗಿಲ್ಲ ಎಂದೂ ಗೊತ್ತಿತ್ತು.

"ಹೋಗಿ ಮುಟ್ಟಿ ನೋಡು," ಎಂದ ಮೆಲ್ಲಗೆ. "ಆಮೇಲೂ ಹೋಗ್ಬೇಕು ಅನ್ನಿಸಿದ್ರೆ ನಾನೇ ಬಸ್ ಹತ್ತಿಸ್ತೀನಿ."

ಸೋಯ್ಲಾ ಬಾಗಿಲ ಹಿಂದೆ ಮಂಡಿಯೂರಿದಳು. ಒದ್ದೆ ನೆಲಕ್ಕೆ ಬೆರಳು ಒತ್ತಿ ಮೂಸಿದಳು. ಸಾಲದೆಂದು ನಾಲಿಗೆಗೂ ಮುಟ್ಟಿಸಿಕೊಂಡಳು. ಹುಳಿ, ಹಿಂದೆಯೇ ಸಿಹಿ. ಬೆರಳಿಗೆ ಪುದೀನದ ಒಂದು ಚೂರು ಅಂಟಿಕೊಂಡಿತ್ತು. ರಮ್ಮಿನ ಸುಳಿವೇ ಇರಲಿಲ್ಲ.

"ಮೊದಲನೇ ಲೋಟ ಅವರಿಗೆ ಕೊಟ್ಟೆ," ಎಂದ ಎವೇಲಿಯೊ ಬೆನ್ನ ಹಿಂದೆ ನಿಂತು. "ಐಸ್ ಇರಲಿಲ್ಲ. ಹಂಗೇ ಸುರಿದೆ."

"ಸಂತರಿಗೆ ಬರೀ ಪಾನಕ ಕುಡಿಸಿದ್ಯಾ?" ಅವಳಿಗೆ ನಗುವೂ ಅಳುವೂ ಒಟ್ಟಿಗೇ ನುಗ್ಗಿದವು. "ಬೈಯಲ್ವಾ ಅವರು?"

"ಬೈಲಿ. ಇಷ್ಟು ವರ್ಷ ನನ್ನ ಜೊತೆ ಕೂತು ಕುಡಿದೋರು ತಾನೇ? ನಾನು ಬಿಟ್ಟ ಮೇಲೆ ಅವರೂ ಬಿಡ್ಲಿ." ಅವನು ಕೈಯಲ್ಲಿದ್ದ ಲೋಟವನ್ನು ತಿರುಗಿಸಿದ. "ಒಬ್ಬನೇ ಬಿಡೋದು ಬಹಳ ಕಷ್ಟ ಕಣೇ."

ಸೋಯ್ಲಾ ಕೂತಲ್ಲಿಂದಲೇ ಕೈ ಚಾಚಿ ಲೋಟ ಇಸಿದುಕೊಂಡಳು. ತಾನು ಕುಡಿಯುವ ಮೊದಲು ಅದನ್ನು ಮೂಲೆಗೆ ವಾಲಿಸಿ, ಐಸ್ ಚೂರಿನ ಸಮೇತ ಇನ್ನೊಂದು ಗುಟುಕು ಸುರಿದಳು.

"ಕುಡೀರಪ್ಪಾ," ಎಂದಳು. "ಈ ಸಲ ತಣ್ಣಗಿದೆ. ಮೊದಮೊದಲು ಎಲ್ಲರಿಗೂ ಕಷ್ಟಾನೇ."