ಬೇಯದ ಗಂಟು

"ಅಷ್ಟ್ ಬಿಗಿ ಎಳಿಬ್ಯಾಡ ಮಗಾ, ಒಳ್ಗೆ ಬೇತಿಲ್ಲೆ," ಎಂದು ಪದ್ದು ಬಾಣಲೆಯ ಮುಂದಿನಿಂದಲೇ ಗದರಿದಳು. ಟೀವಿಯಲ್ಲಿ ಕಂಡ ಪ್ರೆಟ್ಜೆಲ್ ಎಂಬ ಗಂಟಿನಾಕಾರದ ತಿಂಡಿ ಬೇಕೆಂದು ಹಟ ಹಿಡಿದಿದ್ದ ಮಗಳು ಶರಣ್ಯಾ, ಸಡಿಲವಾಗಿ ಮಡಚಬೇಕಾದ ಮೈದಾ ಹಿಟ್ಟಿನ ಎಳೆಯನ್ನು ಜಗ್ಗಿ ಜಗ್ಗಿ ಗಂಟು ಹಾಕುತ್ತಿದ್ದಳು.

"ಬಿಗಿ ಇಲ್ದಿರೆ ಮೀನ್ ತಪ್ಪಿಸ್ಕಂಡ್ ಹೋತ್ತ್ ಅಂದ್ ಅಪ್ಪಯ್ಯನೇ ಹೇಳ್ಕೊಟ್ಟದಲ್ದಾ?"

ಪದ್ದುವಿನ ಕೈಯ ಸೌಟು ಎಣ್ಣೆಯ ಮೇಲೆಯೇ ನಿಂತಿತು. ಕಳೆದ ವರ್ಷ ಕೋಡಿ ದಡದಿಂದ ಮೀನಿಗೆ ಹೊರಟ ಗಂಡ ಶೀನನ ಬೋಟು ತಿರುಗಿ ಬಂದಿರಲಿಲ್ಲ. ಅವನ ಬಲೆಗಳು ಕಣ್ಣೆದುರು ಇರುವುದೇ ಬೇಡವೆಂದು ಅವಳು ಎಲ್ಲವನ್ನೂ ಮೈದುನನಿಗೆ ಕೊಟ್ಟುಬಿಟ್ಟಿದ್ದಳು. ಮಳೆಗಾಲವಿಡೀ ಜಗಲಿಯಲ್ಲಿ ಕುಳಿತು ಹರಿದ ಬಲೆಗೆ ಶೀನ ಹಾಕುತ್ತಿದ್ದ ಗಂಟು, ಕೊನೆಗೊಮ್ಮೆ ಹೆಬ್ಬೆರಳಿನಿಂದ ಒತ್ತುವ ರೀತಿಯ ಸಮೇತ, ಈಗ ಮಗಳ ಕೈಯಲ್ಲಿತ್ತು.

ಪದ್ದು ಅದನ್ನು ಬಿಚ್ಚಲಿಲ್ಲ. ಹಾಗೇ ಎಣ್ಣೆಗೆ ಬಿಟ್ಟು, ಕೆಂಪಾದ ಮೇಲೆ ಸಕ್ಕರೆ, ದಾಲ್ಚಿನ್ನಿ ಪುಡಿಯಲ್ಲಿ ಹೊರಳಿಸಿದಳು. ಸುತ್ತಲಿನ ಗರಿಗರಿ ಎಳೆಯನ್ನು ಮಗಳಿಗೆ ಮುರಿದುಕೊಟ್ಟು, ನಡುವಿನ ಗಂಟನ್ನು ತನ್ನ ಬಾಯಿಗೆ ಹಾಕಿಕೊಂಡಳು. ಒಳಗೆ ಹಿಟ್ಟು ಹಸಿಹಸಿಯಾಗಿಯೇ ಇತ್ತು.

"ಬೆಂದಿತಾ ಅಮ್ಮಾ?"

ಪದ್ದು ಬಹಳ ಹೊತ್ತು ಅಗಿದಳು. "ಇನ್ನೊಂದ್ ಹಾಕ್ ಮಗಾ," ಎಂದಳು. "ಬಿಗಿಯಾಗೇ ಎಳಿ."