ನೀಲಿ ಜಡೆಯವಳ ಸವಾರಿ

"ಅಜ್ಜೀ, ದಸರಾ ಗೊಂಬೆ ಸಾಲಲ್ಲಿಟ್ಟಿದ್ದ ನನ್ನ ನೀಲಿ ಜಡೆಯ ಅನಿಮೆ ಗೊಂಬೆ ಎಲ್ಲಿ?"

"ರವಿಕೆ ಕಣ ಮುಗಿದೋಗಿತ್ತು ಕಣೇ. ಅದನ್ನೇ ತಾಂಬೂಲದಲ್ಲಿಟ್ಟು ಎದುರುಮನೆಯವಳಿಗೆ ಕೊಟ್ಟೆ."

ಮೊಮ್ಮಗಳು ಚೀರಿದಳು. ಒಳಗೆ ಯಾವ ಗೊಂಬೆಯಿದೆಯೆಂದು ತಿಳಿಯದ ಡಬ್ಬಿಗಳನ್ನು ಕೊಂಡು, ಡಬ್ಬಿ ಮೇಲೆ ಡಬ್ಬಿ ಒಡೆದು ಗಿಟ್ಟಿಸಿದ್ದ, ಊರಿಗೆಲ್ಲ ಒಂದೇ ಇದ್ದ ಜಪಾನಿನ ಗೊಂಬೆ! ಬರಿಗಾಲಲ್ಲೇ ಓಡಿದಳು.

ಎದುರುಮನೆಯವರು ಅದನ್ನು, ರವಿಕೆ ಕಣ ದಾಟಿಸುವ ಹಾಗೆಯೇ, ಹಿಂದಿನ ಬೀದಿಗೆ ದಾಟಿಸಿದ್ದರು. ಹಿಂದಿನ ಬೀದಿಯವರು ಮೂಲೆಮನೆಗೆ. ಹೋದಲ್ಲೆಲ್ಲ "ಒಂದು ಹಾಡು ಹೇಳಿ ಉಸಲಿ ತಗೋಮ್ಮ" ಬೇರೆ. ಕೊನೆಗೆ ನೋಡಿದರೆ ಮೂಲೆಮನೆಗೆ ಬೀಗ.

ಅಳುಮುಖ ಮಾಡಿಕೊಂಡು ಬಂದವಳನ್ನು ಕಂಡು ಅಜ್ಜಿ ನಕ್ಕಳು. "ಮೂಲೆಮನೆಯವಳು ಬಂದಿದ್ಲು ಕಣೇ. ಅವಳು ಕೊಟ್ಟ ತಾಂಬೂಲದಲ್ಲೂ ಥೇಟ್ ನಿನ್ನದರ ಥರದ್ದೇ ಗೊಂಬೆ!"

"ಅಯ್ಯೋ, ಎಲ್ಲಿ? ಕೊಡು!"

"ನೀನು ನಿಂದನ್ನ ತರೋಕೆ ಹೋಗಿದ್ಯಲ್ಲ, ಮನೇಲಿ ಎರಡೆರಡು ಯಾಕೆ ಅಂತ ಆಮೇಲೆ ಬಂದವರಿಗೆ ಅದನ್ನ ಕೊಟ್ಬಿಟ್ಟೆ."