ಜೀಬ್ರಾ ಮೀನಿಗೊಂದು ಜೊತೆ

ಕನ್ನಡಿಯೊಳಗಿನ ಮೀನು ಮೊದಲು ತಿರುಗಿತು. ಅಕ್ವೇರಿಯಂನೊಳಗಿದ್ದ ನಿಜವಾದ ಮೀನು ಅದನ್ನು ನೋಡಿಕೊಂಡು, ಚೂರು ತಡವಾಗಿ ಹಿಂಬಾಲಿಸಿತು. ಕಾಳು ಹಾಕಲು ಎತ್ತಿದ್ದ ನಿಖತ್‌ಳ ಕೈ ಹಾಗೇ ನಿಂತಿತು.

ಏಳು ಜೀಬ್ರಾ ಮೀನುಗಳಲ್ಲಿ ಉಳಿದದ್ದು ಇದೊಂದೇ. ಉಳಿದ ಆರು ಸತ್ತದ್ದು ಅವಳ ತಪ್ಪಿನಿಂದ. ನಲ್ಲಿ ನೀರನ್ನು ಕ್ಲೋರಿನ್ ಹೋಗಲೆಂದು ಒಂದು ದಿನ ಹಿಡಿದಿಡದೆ ನೇರವಾಗಿ ಸುರಿದಿದ್ದಳು. "ಗುಂಪಲ್ಲಿ ಬದುಕೋ ಮೀನಮ್ಮ ಇದು. ಒಂಟಿಯಾದ್ರೆ ಫುಡ್ ಬಿಟ್ಟು ಸಾಯುತ್ತೆ. ಹೊಸ ಮೀನು ಸೋಮವಾರ ಬರ್ತವೆ, ಅಲ್ಲೀವರೆಗೆ ಗಾಜಿನ ಹಿಂದೆ ಕನ್ನಡಿ ಇಡಿ" ಎಂದಿದ್ದರು ಯಲಹಂಕದ ಅಂಗಡಿಯವರು. ಅವಳು ತನ್ನ ಕೈಗನ್ನಡಿಯನ್ನೇ ಇಟ್ಟಿದ್ದಳು. ಮೂರು ದಿನದಿಂದ ಮೀನು ಅದರ ಪಕ್ಕ ಬಿಟ್ಟು ಕದಲಿರಲಿಲ್ಲ, ಒಂದು ಕಾಳನ್ನೂ ಮುಟ್ಟಿರಲಿಲ್ಲ.

"ಆಪಾ, ನಿನ್ ಮೀನು ಮದುವೆಗೆ ಹೊರಟಿದ್ಯಾ? ಕನ್ನಡಿ ಮುಂದಿಂದ ಏಳ್ತಾನೇ ಇಲ್ಲ" ಎಂದು ತಮ್ಮ ಅಬ್ರಾರ್ ಶೂ ಕಟ್ಟಿಕೊಳ್ಳುತ್ತಾ ನಕ್ಕು, ಕೆಲಸಕ್ಕೆ ಹೊರಟುಹೋದ.

ನಿಖತ್ ಕನ್ನಡಿಯನ್ನು ಮೆಲ್ಲಗೆ ಎಳೆದು ಬೋರಲು ಹಾಕಿದಳು. ಮೀನು ಬರಿಗೋಡೆಯ ಕಡೆ ಸ್ವಲ್ಪ ಹೊತ್ತು ನೋಡಿತು. ಆಮೇಲೆ ಈಚೆ ಬದಿಗೆ ಬಂದು, ಗಾಜಿಗೆ ಒತ್ತಿಕೊಂಡಂತಿದ್ದ ಅವಳ ಮುಖದೆದುರು ನಿಂತಿತು. ಅವಳು ಎಡಕ್ಕೆ ಬಾಗಿದಾಗ ಅದೂ ಎಡಕ್ಕೆ ಬಂತು. ಕಾಳು ಹಾಕಿದಳು, ತಿಂದಿತು. ಇನ್ನೊಂದನ್ನೂ ತಿಂದಿತು. ಸದ್ಯ ಬದುಕಿತಲ್ಲ ಎಂದು ಅವಳ ಎದೆ ಹಗುರಾಯಿತು. ಅಷ್ಟರಲ್ಲಿ ಮೀನು ಥಟ್ಟನೆ ಬಲಕ್ಕೆ ಹೊರಳಿತು. ತಾನು ಅಲ್ಲಾಡಬಾರದು ಎಂದುಕೊಂಡು ನಿಖತ್ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಳು. ಅವಳ ಕತ್ತು ತಾನಾಗಿಯೇ ಬಲಕ್ಕೆ ತಿರುಗಿತು.